ಮಗಳಿಗೆ ಬಿ.ಆರ್ಕ್: 10 ಲಕ್ಷ ಸಾಲ ಮಾಡಿ ಓದಿಸಿದ್ರೆ ಗಿಟ್ಟುತ್ತಾ?

ಹದಡಿ ರಸ್ತೆ

ಎಲ್ಲರಿಗೂ ನಮಸ್ಕಾರ. ಊರು ದಾವಣಗೆರೆ. ಮಗಳು ದ್ವಿತೀಯ ಪಿಯು, ಪಿಸಿಎಂಸಿ (ಭೌತ, ರಸಾಯನ, ಗಣಿತ, ಕಂಪ್ಯೂಟರ್ ಸೈನ್ಸ್). ಚಿತ್ರ ಚೆನ್ನಾಗಿ ಬಿಡಿಸ್ತಾಳೆ, ಗಣಿತ ಪರವಾಗಿಲ್ಲ. ಆರ್ಕಿಟೆಕ್ಟ್ ಆಗ್ತೀನಿ ಅಂತ ಹಟ ಹಿಡಿದು ಕೂತಿದಾಳೆ. ಬೆಂಗಳೂರಲ್ಲಿ ವಿಚಾರಿಸಿದ ಒಂದು ಕಾಲೇಜು ಮ್ಯಾನೇಜ್‌ಮೆಂಟ್ ಸೀಟಿಗೆ ವರ್ಷಕ್ಕೆ 2.6 ಲಕ್ಷ ಹೇಳೈತೆ. 5 ವರ್ಷಕ್ಕೆ 13 ಲಕ್ಷ. 10 ಲಕ್ಷ ಬ್ಯಾಂಕ್ ಸಾಲ, ಉಳಿದಿದ್ದು ಕೈಯಿಂದ ಹಾಕೋಣ ಅಂತ ನಮ್ಮ ಲೆಕ್ಕ.

ಮನೇಲಿ ಹಿರಿಯರ ಮಾತೇ ಬೇರೆ. ಇಲ್ಲೇ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜಲ್ಲಿ ಸಿವಿಲ್ ಸೇರಿಸ್ರಿ, 4 ವರ್ಷಕ್ಕೆ ಮುಗೀತದೆ, ಮನೆ ಊಟ ಮಾಡ್ಕೊಂಡು ಓದ್ತಾಳೆ, ಕೊನೆಗೆ ಇಬ್ರೂ ಹಾಕೋದು ಅದೇ ಮನೆ ಪ್ಲಾನ್ ತಾನೆ ಅಂತಾರೆ. ಓದು ಮುಗಿದ ಮೇಲೆ ಬರೋ ಸಂಬಳ ಸಾಲದ ಕಂತಿಗೆ ಸಾಕಾಗುತ್ತಾ? ಊರಿಗೆ ವಾಪಸ್ ಬಂದು ಪ್ರಾಕ್ಟೀಸ್ ಮಾಡಿದ್ರೆ ನಡೆಯುತ್ತಾ? ಗೊತ್ತಿರೋರು ಅಂಕಿ ಸಮೇತ ಹೇಳ್ರಿ. "ಮಗಳ ಆಸೆ ಮುಖ್ಯ" ಅನ್ನೋ ಉತ್ತರ ಆಗಲೇ ಸಾಕಷ್ಟು ಸಿಕ್ಕೈತೆ.

---

ಮಿನಿಡ್ರಾಫ್ಟರ್

ಸರ್, 13 ಲಕ್ಷ ಅನ್ನೋದು ಬರೀ ಫೀಸು. ಈ ಕೋರ್ಸಲ್ಲಿ ಪುಸ್ತಕಕ್ಕೆ ಖರ್ಚಿಲ್ಲ, ಹಾಳೆ, ಬೋರ್ಡು, ಪ್ರಿಂಟಿಗೆ ಹೋಗುತ್ತೆ. ಮೊದಲ ವರ್ಷ ಡ್ರಾಯಿಂಗ್ ಬೋರ್ಡು, ಮಿನಿ ಡ್ರಾಫ್ಟರ್, ಕಾರ್ಟ್ರಿಜ್ ಹಾಳೆ, ಪೆನ್ನು, ಬಣ್ಣ. ಆಮೇಲೆ ಮಾಡೆಲ್ ಶುರು: ಮೌಂಟ್ ಬೋರ್ಡು, ಫೋಮ್ ಬೋರ್ಡು, ಅಂಟು, ಕಟರ್ ಬ್ಲೇಡು. ಸೆಮಿಸ್ಟರ್‌ಗೆ ಎರಡು ಮೂರು ಸಲ ಜ್ಯೂರಿ ಇರುತ್ತೆ, ಅಂದ್ರೆ ತಾನು ಮಾಡಿದ ಡಿಸೈನನ್ನ ಗೋಡೆಗೆ ಹಚ್ಚಿ ಮೇಷ್ಟ್ರುಗಳ ಮುಂದೆ ಸಮರ್ಥಿಸ್ಕೊಳ್ಳೋದು. ಒಂದೊಂದು ಜ್ಯೂರಿಗೆ 8–10 ಎ1 ಹಾಳೆ. ಬಣ್ಣದ ಪ್ರಿಂಟಾದ್ರೆ ಒಂದು ಸಲಕ್ಕೆ ಸಾವಿರದ ಮೇಲೇ ಹೋಗುತ್ತೆ.

ಅಂದಾಜು ಹಿಡೀರಿ. ಪಿಜಿ, ಊಟ ತಿಂಗಳಿಗೆ 10 ಸಾವಿರ, 5 ವರ್ಷಕ್ಕೆ 6 ಲಕ್ಷ. ಸಾಮಗ್ರಿ, ಪ್ರಿಂಟು ವರ್ಷಕ್ಕೆ 30 ಸಾವಿರ, ಒಟ್ಟು 1.5 ಲಕ್ಷ. ಸ್ಟಡಿ ಟೂರ್ ಮೂರು ಅಂದ್ರೂ 45 ಸಾವಿರ. ಲ್ಯಾಪ್‌ಟಾಪ್ 85 ಸಾವಿರ. ಫೀಸು ಸೇರಿಸಿದ್ರೆ 21.8 ಲಕ್ಷ. ನಿಮ್ಮ 13ಕ್ಕೂ ಇದಕ್ಕೂ ಇರೋ ಅಂತರ ಮೊದಲ ವರ್ಷ ಗೊತ್ತಾಗಲ್ಲ, ಮೂರನೇ ವರ್ಷಕ್ಕೆ ಚಿನ್ನ ಅಡ ಇಡೋ ಹೊತ್ತಿಗೆ ಗೊತ್ತಾಗುತ್ತೆ.

ಉಳಿಸೋ ಜಾಗಗಳೂ ಇವೆ. ಲ್ಯಾಪ್‌ಟಾಪನ್ನ ಸೇರಿದ ದಿನವೇ ಕೊಡಿಸ್ಬೇಡಿ. ಮೊದಲ ವರ್ಷ ಹೆಚ್ಚಾಗಿ ಕೈ ಡ್ರಾಯಿಂಗೇ. ಮೂರನೇ ಸೆಮಿಸ್ಟರ್‌ಗೆ ತಗೊಂಡ್ರೆ ಅದೇ ದುಡ್ಡಿಗೆ ಒಳ್ಳೇದು ಬರುತ್ತೆ, ಥೀಸಿಸ್ ತನಕ ಬಾಳಿಕೆನೂ ಬರುತ್ತೆ. 16 ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್ ಇರಲೇಬೇಕು. ಆಫೀಸ್ ಕೆಲಸದ ಲ್ಯಾಪ್‌ಟಾಪ್ ರೆಂಡರ್ ಹಾಕಿದ್ರೆ ರಾತ್ರಿಯೆಲ್ಲ ಕೂಗಿ ಬೆಳಿಗ್ಗೆ ಕೈಕೊಡುತ್ತೆ. ಆಟೋಕ್ಯಾಡ್, ರೆವಿಟ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್ ಎರಡೂ ವಿದ್ಯಾರ್ಥಿಗಳಿಗೆ ಪುಕ್ಕಟೆ, ಕಾಲೇಜಿನ ದಾಖಲೆ ತೋರಿಸಿ ವರ್ಷ ವರ್ಷ ನವೀಕರಿಸ್ಕೋಬೇಕು.

ಇನ್ನೊಂದು ವಿಷಯ. 5 ವರ್ಷದ ಕೋರ್ಸು 6 ವರ್ಷ ಆಗೋದು ಸಾಮಾನ್ಯವಾಗಿ ಎರಡು ಕಡೆ: ಡಿಸೈನ್ ಸ್ಟುಡಿಯೋ, ಸ್ಟ್ರಕ್ಚರ್ಸ್. ಸ್ಟುಡಿಯೋದಲ್ಲಿ ಕೊನೇ ವಾರ ಓದಿ ಪಾಸಾಗೋ ಆಟ ನಡೆಯಲ್ಲ, ವಾರ ವಾರ ತೋರಿಸಿ ತಿದ್ದಿಸ್ಕೊಂಡ ಕೆಲಸಕ್ಕೇ ಅಂಕ. ಚಿತ್ರ ಚೆನ್ನಾಗಿ ಬಿಡಿಸೋ ಮಕ್ಕಳು ಅಲ್ಲಿ ದಾಟ್ತಾರೆ, ಬೀಮ್ ಲೆಕ್ಕದಲ್ಲಿ ಬೀಳ್ತಾರೆ. ಸೇರೋ ಮುಂಚೆ ಕಾಲೇಜಿನವರನ್ನ ಒಂದೇ ಪ್ರಶ್ನೆ ಕೇಳ್ರಿ: ಡಿಸೈನ್ ವಿಷಯ ಉಳಿಸ್ಕೊಂಡ್ರೆ ಮುಂದಿನ ಡಿಸೈನ್‌ಗೆ ಕೂರಿಸ್ತೀರಾ ಅಂತ. ಒಂದು ವರ್ಷ ಹೆಚ್ಚಾದ್ರೆ ನಿಮಗೆ ನಾಲ್ಕು ಲಕ್ಷದ ಹೊರೆ.

---

ಪಾಸ್‌ಬುಕ್

ಸಾಲದ ಭಾಗ ನಾನು ಬಿಡಿಸಿ ಹೇಳ್ತೇನೆ. ಬಡ್ಡಿ ಶೇ. 10 ಅಂತ ಇಟ್ಟುಕೊಳ್ಳಿ, ಲೆಕ್ಕಕ್ಕೆ ಸುಲಭ.

ಬ್ಯಾಂಕ್ 10 ಲಕ್ಷವನ್ನು ಒಟ್ಟಿಗೆ ಕೊಡುವುದಿಲ್ಲ, ವರ್ಷಕ್ಕೆ 2 ಲಕ್ಷದಂತೆ ಕಾಲೇಜಿಗೆ ಹಾಕುತ್ತದೆ. ಕೋರ್ಸ್ 5 ವರ್ಷ, ಅದರ ಮೇಲೆ ಒಂದು ವರ್ಷದ ರಜೆ ಅವಧಿ. ಈ ಆರು ವರ್ಷ ಕಂತು ಕಟ್ಟಬೇಕಿಲ್ಲ, ಆದರೆ ಬಡ್ಡಿ ಓಡುತ್ತಲೇ ಇರುತ್ತದೆ. ಮೊದಲ 2 ಲಕ್ಷಕ್ಕೆ ಆರು ವರ್ಷದ ಬಡ್ಡಿ, ಎರಡನೇದಕ್ಕೆ ಐದು, ಹೀಗೆ ಕೊನೆಯದಕ್ಕೆ ಎರಡು. ಸರಳ ಬಡ್ಡಿ ಹಿಡಿದರೂ 4 ಲಕ್ಷ. ಅಂದರೆ ಕಂತು ಶುರುವಾಗುವ ದಿನ ನಿಮ್ಮ ಸಾಲ 14 ಲಕ್ಷ. ಹತ್ತು ವರ್ಷದ ಅವಧಿಗೆ ತಿಂಗಳ ಕಂತು ಸುಮಾರು 18,500. ಹದಿನೈದು ವರ್ಷಕ್ಕೆ ಎಳೆದರೆ 15,000.

ಓದುವಾಗಲೇ ಬಡ್ಡಿ ಮಾತ್ರ ಕಟ್ಟುತ್ತಾ ಹೋದರೆ ಅಸಲು 10 ಲಕ್ಷಕ್ಕೇ ನಿಲ್ಲುತ್ತದೆ, ಹತ್ತು ವರ್ಷದ ಕಂತು 13,200ಕ್ಕೆ ಇಳಿಯುತ್ತದೆ. ಇದಕ್ಕೆ ಮೊದಲ ವರ್ಷ ತಿಂಗಳಿಗೆ 1,700 ಸಾಕು, ಐದನೇ ವರ್ಷ ಮತ್ತು ರಜೆಯ ಆರನೇ ವರ್ಷ 8,300 ಬೇಕು. ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಅದನ್ನು ಫೀಸಿಗೆ ಹಾಕುವ ಬದಲು ಹೀಗೆ ಬಡ್ಡಿಗೆ ಹಾಕಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಬೇಡ. ದುಡ್ಡಿದ್ದರೆ ಸಾಲವನ್ನೇ ಕಡಿಮೆ ತೆಗೆಯಿರಿ.

ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ 7.5 ಲಕ್ಷದವರೆಗೆ ಆಸ್ತಿ ಅಡ ಕೇಳುವುದಿಲ್ಲ, ಅದು ದಾಟಿದರೆ ಸಾಮಾನ್ಯವಾಗಿ ಆಸ್ತಿ ಅಡಮಾನ. ನಿಮ್ಮ 10 ಲಕ್ಷಕ್ಕೆ ಸೈಟೋ ಮನೆಯೋ ಇಡಬೇಕಾಗುತ್ತದೆ. ಮುಖ್ಯವಾದದ್ದು: ಆ ಯೋಜನೆ ಇರುವುದು ಮೆರಿಟ್ ಸೀಟಿಗೆ. ಮ್ಯಾನೇಜ್‌ಮೆಂಟ್ ಸೀಟಿಗೆ ಕೊಡುವುದು ಬಿಡುವುದು ಬ್ಯಾಂಕಿನ ವಿವೇಚನೆ. ಹಾಗಾಗಿ ಕಾಲೇಜಿಗೆ ಮುಂಗಡ ಕಟ್ಟುವ ಮೊದಲೇ ಶಾಖೆಗೆ ಹೋಗಿ ಕೇಳಿ. ಮುಂಗಡ ಕಟ್ಟಿ, ಸಾಲ ತಿರಸ್ಕೃತವಾಗಿ, ಆ ದುಡ್ಡು ವಾಪಸ್ ಬಾರದೆ ಒದ್ದಾಡುವ ಪೋಷಕರು ಪ್ರತಿ ವರ್ಷ ಇರುತ್ತಾರೆ.

ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷದ ಒಳಗಿದ್ದರೆ ಕೇಂದ್ರದ ಬಡ್ಡಿ ಸಹಾಯಧನ ಇದೆ, ಓದುವ ಅವಧಿಯ ಬಡ್ಡಿ ಸರ್ಕಾರ ಭರಿಸುತ್ತದೆ. ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದೆಯೇ ನೋಡಿಕೊಳ್ಳಿ. ಹಿಂದುಳಿದ ವರ್ಗಕ್ಕೆ ಸೇರಿದವರಾದರೆ, ಸೀಟು ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಮೂಲಕ ಬಂದರೆ, ದೇವರಾಜ ಅರಸು ನಿಗಮದ ಅರಿವು ಸಾಲ ಶೇ. 2ಕ್ಕೆ ಸಿಗುತ್ತದೆ.

---

ಸೆಂಟರ್‌ಲೈನ್

ಮೇಲಿನ 18,500 ನೆನಪಲ್ಲಿ ಇಟ್ಕೊಂಡು ಓದ್ರಿ.

ಬೆಂಗಳೂರಿನ ಸಣ್ಣ, ಮಧ್ಯಮ ಆಫೀಸುಗಳಲ್ಲಿ ಹೊಸಬರಿಗೆ ತಿಂಗಳಿಗೆ 18ರಿಂದ 25 ಸಾವಿರ. ಅದಕ್ಕೂ ಮುಂಚೆ ಕೋರ್ಸಿನೊಳಗೇ ಒಂದು ಸೆಮಿಸ್ಟರ್, ಸುಮಾರು 16 ವಾರ, ನೋಂದಾಯಿತ ಆರ್ಕಿಟೆಕ್ಟ್ ಹತ್ರ ತರಬೇತಿ ಮಾಡ್ಬೇಕು. ಅಲ್ಲಿ ಕೊಡೋ ಸ್ಟೈಪೆಂಡ್ ಪಿಜಿ ಬಾಡಿಗೆಗೆ ಸಮ ಆದ್ರೆ ಪುಣ್ಯ. ರೆವಿಟ್‌ನಲ್ಲಿ ಕೈ ಪಳಗಿದವರು ಬಿಐಎಂ (ಕಟ್ಟಡದ ಕಂಪ್ಯೂಟರ್ ಮಾಡೆಲ್ ಮಾಡೋ) ಕೆಲಸಕ್ಕೆ ದೊಡ್ಡ ಕಂಪನಿ ಸೇರಿದ್ರೆ ಶುರುವಲ್ಲೇ ಇದಕ್ಕಿಂತ ಮೇಲೆ, ಆದ್ರೆ ಅಲ್ಲಿ ಡಿಸೈನ್ ಕಮ್ಮಿ, ಬೇರೆಯವರ ಕಟ್ಟಡಕ್ಕೆ ಮಾಡೆಲ್ ಕೂರಿಸೋದು ಜಾಸ್ತಿ. ಮೊದಲ ಮೂರು ನಾಲ್ಕು ವರ್ಷ 10 ಲಕ್ಷದ ಸಾಲವನ್ನ ಸಂಬಳದಿಂದ ತೀರಿಸೋದು ಆಗದ ಮಾತು. ಕಂತು ಅಪ್ಪನೇ ಕಟ್ತಾನೆ. ಈ ವೃತ್ತಿಯಲ್ಲಿ ದುಡ್ಡು ಬರಲ್ಲ ಅಂತಲ್ಲ, ತಡವಾಗಿ ಬರುತ್ತೆ, ಸಾಲ ಅಷ್ಟು ದಿನ ಕಾಯಲ್ಲ.

ಇನ್ನು ಊರಲ್ಲಿ ಪ್ರಾಕ್ಟೀಸ್. ದಾವಣಗೆರೆಯಲ್ಲಿ 30x40 ಸೈಟಿಗೆ ಕೆಳಗೊಂದು ಮೇಲೊಂದು ಮನೆ, ಒಟ್ಟು 1,900 ಚದರ ಅಡಿ ಅನ್ನಿ. ಅಡಿಗೆ 2,000 ಹಿಡಿದ್ರೆ 38 ಲಕ್ಷದ ಕಟ್ಟಡ. ಶೇ. 4 ಫೀ ಒಪ್ಪಿಸಿದ್ರೆ 1.52 ಲಕ್ಷ. ವರ್ಷಕ್ಕೆ ಇಂಥವು ಆರು ಸಿಕ್ಕು ಎಲ್ಲರೂ ಪೂರ್ತಿ ಕೊಟ್ರೆ 9.12 ಲಕ್ಷ. ಅದ್ರಲ್ಲಿ ಡ್ರಾಫ್ಟ್ಸ್‌ಮನ್‌ಗೆ 1.8, ಆಫೀಸ್ ಬಾಡಿಗೆ 1, ಸ್ಟ್ರಕ್ಚರಲ್ ಇಂಜಿನಿಯರ್‌ಗೆ ಮನೆಗೆ 20 ಸಾವಿರದಂಗೆ 1.2 ಕಳೀರಿ. ಕೈಗೆ 5 ಲಕ್ಷದ ಆಸುಪಾಸು. ಶೇ. 4 ಒಪ್ಪಿಸೋದೇ ಮೊದಲ ಯುದ್ಧ, ಯಾಕಂದ್ರೆ ಪಕ್ಕದ ಬೀದಿಯಲ್ಲಿ ಹತ್ತು ಹದಿನೈದು ಸಾವಿರಕ್ಕೆ ಪ್ಲಾನ್ ಹಾಕಿ ಅಪ್ರೂವಲ್ಲೂ ಮಾಡಿಸಿ ಕೊಡೋರು ಇರ್ತಾರೆ. ಜನ ಕೇಳೋದು "ಒಂದು ಪ್ಲಾನಿಗೆ ಎಷ್ಟು" ಅಂತ.

ಆ ಒಂದು ಹಾಳೆಗೂ ಆರ್ಕಿಟೆಕ್ಟ್ ಕೊಡೋದಕ್ಕೂ ವ್ಯತ್ಯಾಸ ಏನು ಅಂತ ಮೆಟ್ಟಿಲು ತಗೊಂಡು ಹೇಳ್ತೀನಿ. ಮಹಡಿ ಎತ್ತರ ಹತ್ತೂವರೆ ಅಡಿ, ಅಂದ್ರೆ 126 ಇಂಚು. ಏರು, ಅಂದ್ರೆ ಒಂದು ಮೆಟ್ಟಿಲಿನ ಎತ್ತರ, 7 ಇಂಚಿನಂಗೆ 18 ಏರು. ಮಧ್ಯ ತಿರುಗೋ ಮೆಟ್ಟಿಲಾದ್ರೆ ಒಂದೊಂದು ಕಡೆ 9 ಏರು, 8 ತುಳಿ (ಕಾಲಿಡೋ ಜಾಗ). ತುಳಿ 10 ಇಂಚು ಬೇಕಂದ್ರೆ 6 ಅಡಿ 8 ಇಂಚು ಉದ್ದ, ತಿರುವಿಗೆ 3 ಅಡಿ, ಒಟ್ಟು 9 ಅಡಿ 8 ಇಂಚು. ಅಗ್ಗದ ಪ್ಲಾನಲ್ಲಿ ಹಾಲ್ ದೊಡ್ಡದು ಕಾಣ್ಲಿ ಅಂತ ಮೆಟ್ಟಿಲಿಗೆ 8 ಅಡಿ 6 ಇಂಚು ಬಿಟ್ಟಿರ್ತಾರೆ. ಕಾಗದದ ಮೇಲೆ ಗೆರೆ ಹಾಕೋಕೆ ಜಾಗ ಸಾಲುತ್ತೆ. ಸೆಂಟ್ರಿಂಗ್‌ನವರು ಬಂದಾಗ ತುಳಿ ಎಂಟು ಇಂಚಿನಷ್ಟೇ ಬರುತ್ತೆ, ಕಾಲು ಕೂರಲ್ಲ. ಮೇಸ್ತ್ರಿ ಅಲ್ಲೇ ಬುದ್ಧಿ ಓಡಿಸಿ ಎರಡು ಏರು ಕಮ್ಮಿ ಮಾಡ್ತಾನೆ, 16 ಏರಾಗುತ್ತೆ, ಒಂದೊಂದೂ ಸುಮಾರು 8 ಇಂಚು. ಆಮೇಲೆ ಆ ಮನೆ ಅಜ್ಜಿ ಮೇಲೆ ಹತ್ತೋದೇ ಬಿಡ್ತಾರೆ. ವರ್ಕಿಂಗ್ ಡ್ರಾಯಿಂಗ್ (ಕಟ್ಟೋಕೆ ಬೇಕಾದ ಪೂರ್ತಿ ಅಳತೆಯ ನಕ್ಷೆ) ಇದ್ರೆ ಇದು ಪಾಯ ತೋಡೋ ಮುಂಚೆನೇ ಸಿಕ್ಕಿಬೀಳುತ್ತೆ. ಆದ್ರೆ ಆಗದೇ ಹೋದ ತಪ್ಪಿಗೆ ದುಡ್ಡು ಕೊಡ್ರಿ ಅಂತ ಮಾಲೀಕನಿಗೆ ಹೇಳಿ ಒಪ್ಪಿಸೋ ಕಲೆ ಕಾಲೇಜಲ್ಲಿ ಕಲಿಸಲ್ಲ. ಅದ್ರ ಜೊತೆಗೆ ಆಯ ನೋಡಿಸಿ ಅಳತೆ ಗಟ್ಟಿ ಮಾಡ್ಕೊಂಡು ಬಂದಿರ್ತಾರೆ, ಅರ್ಧ ಅಡಿ ಅತ್ತಿತ್ತ ಮಾಡೋ ಹಂಗಿಲ್ಲ. ಅದ್ರೊಳಗೇ ಹೊಂದಿಸ್ಬೇಕು, ಜಗಳ ಆಡಿದ್ರೆ ಕೆಲಸ ಹೋಗುತ್ತೆ.

ಫೀ ವಸೂಲಿ ಬಗ್ಗೆ ಎರಡು ಮಾತು. ಗೃಹಪ್ರವೇಶ ಆದ್ಮೇಲೆ ಉಳಿದ ಕಂತು ಬರೋದು ಕಷ್ಟ, ಅಷ್ಟೊತ್ತಿಗೆ ಮಾಲೀಕನ ಕೈಯೂ ಖಾಲಿ ಆಗಿರುತ್ತೆ. ಅದಕ್ಕೇ ಮುಂಗಡ ಶೇ. 15, ಪ್ಲಾನ್ ಒಪ್ಪಿದಾಗ 20, ವರ್ಕಿಂಗ್ ಡ್ರಾಯಿಂಗ್ ಕೈಗಿಡುವಾಗ 30, ಕೆಳಗಿನ ಸ್ಲ್ಯಾಬಿಗೆ 15, ಮೇಲಿನ ಸ್ಲ್ಯಾಬಿಗೆ 10. ಕೊನೆಗೆ ಉಳಿಯೋದು 10 ಮಾತ್ರ ಇರ್ಬೇಕು. ಟೈಲ್ಸ್, ಗ್ರಾನೈಟ್ ಅಂಗಡಿಯವರು ಕಮಿಷನ್ ಕೊಡ್ತಾರೆ, ಅದ್ರಲ್ಲೇ ಸರಿದೂಗಿಸ್ಕೋಬಹುದು ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡ್ರಿ. ಆರ್ಕಿಟೆಕ್ಟ್‌ಗಳ ವೃತ್ತಿ ನಡತೆಯ 1989ರ ನಿಯಮಗಳಲ್ಲಿ ಅದು ನಿಷಿದ್ಧ, ನೋಂದಣಿಗೇ ಕುತ್ತು.

---

ದುರ್ಗದ ಗಾಳಿ

ಸೆಂಟರ್‌ಲೈನ್ ಅವರ ಲೆಕ್ಕ ಸರಿ ಐತೆ, ಆದ್ರೆ "ಇಬ್ರೂ ಹಾಕೋದು ಅದೇ ಪ್ಲಾನ್" ಅನ್ನೋ ಹಿರಿಯರ ಮಾತಿಗೆ ಯಾರೂ ಉತ್ತರ ಕೊಡ್ಲಿಲ್ಲ.

ಕಾನೂನು ಪ್ರಕಾರ ಆ ಮಾತು ಅರ್ಧ ನಿಜ. 1972ರ ಆರ್ಕಿಟೆಕ್ಟ್ಸ್ ಆಕ್ಟ್ ಕಾಪಾಡೋದು "ಆರ್ಕಿಟೆಕ್ಟ್" ಅನ್ನೋ ಹೆಸರನ್ನ. ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿ ಆಗದವರು ಆ ಹೆಸರು ಹಾಕ್ಕೊಳ್ಳೋ ಹಂಗಿಲ್ಲ. ಆದ್ರೆ ಕಟ್ಟಡದ ನಕ್ಷೆ ಮಾಡೋ ಕೆಲಸವನ್ನೇ ಆ ಕಾಯ್ದೆ ಬೇರೆಯವರಿಗೆ ನಿಷೇಧಿಸಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳೈತೆ. ನಮ್ಮ ದುರ್ಗ, ಚಳ್ಳಕೆರೆ, ಹಿರಿಯೂರು ಕಡೆ ಮನೆ ನಕ್ಷೆ ಹೆಚ್ಚಿನಂಶ ಇಂಜಿನಿಯರ್‌ಗಳದ್ದೇ. ಹಂಗಾಗಿ 30x40 ಮನೆಗಳನ್ನೇ ನಂಬ್ಕೊಂಡು ಊರಲ್ಲಿ ಕೂರೋದಾದ್ರೆ ಸಿವಿಲ್ ಸಾಕು. ಸ್ಟ್ರಕ್ಚರ್ ಕೂಡ ತಾವೇ ಮಾಡಬಹುದು, ಗುತ್ತಿಗೆ ಹಿಡೀಬಹುದು, ಪಿಡಬ್ಲ್ಯುಡಿ, ಪಂಚಾಯತ್ ರಾಜ್, ನೀರಾವರಿ ಎಲ್ಲ ಕಡೆ ಎಇ, ಜೆಇ ಹುದ್ದೆಗೆ ಅರ್ಜಿ ಹಾಕಬಹುದು. ಸರ್ಕಾರಿ ಆರ್ಕಿಟೆಕ್ಟ್ ಹುದ್ದೆಗಳೂ ಇವೆ, ಸಿಪಿಡಬ್ಲ್ಯುಡಿ (ಕೇಂದ್ರ ಲೋಕೋಪಯೋಗಿ), ಎಂಇಎಸ್ (ಸೇನೆಯ ಕಟ್ಟಡ ವಿಭಾಗ) ಥರದ ಕಡೆ, ಆದ್ರೆ ಸಿವಿಲ್ ಮುಂದೆ ಬೆರಳೆಣಿಕೆ.

ಬಿ.ಆರ್ಕ್ ಬೇರೆ ಆಗೋದು ಎಲ್ಲಿ ಅಂದ್ರೆ ದೊಡ್ಡ ಕಟ್ಟಡದಲ್ಲಿ. ಆಸ್ಪತ್ರೆ, ಶಾಲೆ, ಕಲ್ಯಾಣ ಮಂಟಪ. ದಾವಣಗೆರೆಯಲ್ಲಿ ಆಸ್ಪತ್ರೆ, ಕಾಲೇಜಿಗೇನು ಬರಗಾಲ ಇಲ್ಲ. ಇಂಥ ಕಡೆ ಮಾಲೀಕನೇ ಆರ್ಕಿಟೆಕ್ಟ್ ಹುಡುಕ್ತಾನೆ, ಬೆಂಗಳೂರಿನಿಂದ ಕರೆಸ್ತಾನೆ. ಆ ಆಫೀಸಲ್ಲಿ ನಾಲ್ಕೈದು ವರ್ಷ ಪಳಗಿ, ಇಲ್ಲಿ ಸೈಟ್ ನೋಡ್ಕೊಳ್ಳೋಕೆ ಬಂದು, ಆಮೇಲೆ ಸ್ವಂತ ಶುರು ಮಾಡೋರು ನಿಲ್ತಾರೆ. ಕಾಲೇಜಿನಿಂದ ಸೀದಾ ಊರಿಗೆ ಬಂದು ಬೋರ್ಡ್ ಹಾಕಿದ್ರೆ ಪ್ಲಾನಿಗೆ 15 ಸಾವಿರದವರ ಜೊತೆನೇ ಗುದ್ದಾಡ್ಬೇಕು, ಆಗ 5 ವರ್ಷದ ಓದೂ ದಂಡ.

---

ಹದಡಿ ರಸ್ತೆ

ಎಲ್ಲರಿಗೂ ಬಹಳ ಧನ್ಯವಾದ. 14 ಲಕ್ಷ ಆಗುತ್ತೆ ಅಂತ ಬ್ಯಾಂಕಿನವರೂ ಹೇಳಿರ್ಲಿಲ್ಲ. ಹಂಗಾದ್ರೆ ಮ್ಯಾನೇಜ್‌ಮೆಂಟ್ ಸೀಟು ಬಿಟ್ವಿ. ಕೆಇಎ ಸೀಟಿಗೆ ಏನೇನು ಮಾಡ್ಬೇಕು? ಅವಳು ಸಿಇಟಿ ಬರೆಯೋ ಯೋಚನೆಲೇ ಇರ್ಲಿಲ್ಲ, ಆರ್ಕಿಟೆಕ್ಚರ್‌ಗೆ ಅದರದ್ದೇ ಪ್ರವೇಶ ಪರೀಕ್ಷೆ ನಾಟಾ ಸಾಕು ಅಂತಿದ್ಲು. ಕೆಮಿಸ್ಟ್ರಿ ಕಮ್ಮಿ ಬಂದ್ರೆ ತೊಂದ್ರೆನಾ?

---

ಸೀಟ್ ಮ್ಯಾಟ್ರಿಕ್ಸ್

ಇಲ್ಲೇ ಎಡವೋದು. ನಾಟಾ ನಡೆಸೋದು ಕೌನ್ಸಿಲ್, ಸೀಟು ಹಂಚೋದು ಕೆಇಎ. ಸಿಇಟಿ ಪರೀಕ್ಷೆ ಬರೆಯದಿದ್ರೂ ಕೆಇಎಯಲ್ಲಿ ಅರ್ಜಿ ಹಾಕಿ ಬಿ.ಆರ್ಕ್ ಆಯ್ಕೆ ಮಾಡಿರ್ಬೇಕು, ಆಮೇಲೆ ನಾಟಾ ಅಂಕವನ್ನ ಅವರ ಪೋರ್ಟಲ್‌ನಲ್ಲಿ ನಾವೇ ದಾಖಲಿಸ್ಬೇಕು. ನಾಟಾದಲ್ಲಿ ಒಳ್ಳೆ ಅಂಕ ಇದ್ದೂ ಕೆಇಎ ಅರ್ಜಿ ಹಾಕದೆ ಮ್ಯಾನೇಜ್‌ಮೆಂಟ್ ಸೀಟಿಗೆ ಹೋಗೋ ಮಕ್ಕಳಿದಾರೆ. ರ‍್ಯಾಂಕ್ ಕೊಡೋದು ಪಿಯು ಅಂಕ ಅರ್ಧ, ನಾಟಾ ಅರ್ಧ ಸೇರಿಸಿ. ಹಂಗಾಗಿ ಈಗ ಪಿಯು ಪರೀಕ್ಷೆ ಸಡಿಲ ಬಿಡೋದು ದೊಡ್ಡ ತಪ್ಪು.

ಅರ್ಹತೆಗೆ ಭೌತಶಾಸ್ತ್ರ, ಗಣಿತ ಕಡ್ಡಾಯ. ಮೂರನೇದು ಕೆಮಿಸ್ಟ್ರಿನೇ ಆಗ್ಬೇಕಿಲ್ಲ, ಕಂಪ್ಯೂಟರ್ ಸೈನ್ಸ್ ಕೂಡ ನಡೆಯುತ್ತೆ. ಒಟ್ಟು ಶೇ. 45.

ನಾಟಾ ಈಚಿನ ಮಾದರಿಯಲ್ಲಿ 200 ಅಂಕ. 80 ಕೈಯಲ್ಲಿ ಬಿಡಿಸೋದಕ್ಕೆ ಮತ್ತು ಮೂರು ಆಯಾಮದ ರಚನೆಗೆ, 120 ಕಂಪ್ಯೂಟರ್ ಮುಂದೆ, ಒಂದೂವರೆ ಗಂಟೆ ಅದಕ್ಕೆ, ಒಂದೂವರೆ ಇದಕ್ಕೆ. ಭಾವಚಿತ್ರ ಚೆನ್ನಾಗಿ ಬಿಡಿಸ್ತಾಳೆ ಅನ್ನೋದು ಇಲ್ಲಿ ಅಷ್ಟು ಉಪಯೋಗ ಇಲ್ಲ. ಕೊಟ್ಟ ಕಾಗದದ ತುಂಡು ಮಡಚಿ ಕತ್ತರಿಸಿ ನಿಲ್ಲೋ ಹಾಗೆ ಒಂದು ಆಕಾರ ಮಾಡೋದು, ಬೀದಿಯ ನೋಟ ಕಣ್ಣಿನ ಎತ್ತರದಿಂದ ಹೇಗೆ, ಮಹಡಿಯಿಂದ ಹೇಗೆ ಅಂತ ಬಿಡಿಸೋದು, ಅಂಥ ಅಭ್ಯಾಸ ಬೇಕು.

ಒಂದರಿಂದ ಹತ್ತನೇ ತರಗತಿ ಹಳ್ಳಿಯಲ್ಲಿ ಓದಿದ್ರೆ ಗ್ರಾಮೀಣ ಕೋಟಾ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದ್ರೆ ಶೇ. 5. ಪ್ರಮಾಣಪತ್ರವನ್ನ ಬಿಇಓ ಸಹಿ ಹಾಕಿಸಿ ಈಗಲೇ ತಂದಿಟ್ಕೊಳ್ರಿ. ಹರಪನಹಳ್ಳಿ ಮೂಲದವರಾದ್ರೆ 371ಜೆ (ಕಲ್ಯಾಣ ಕರ್ನಾಟಕದ ಮೀಸಲಾತಿ) ಕೂಡ ವಿಚಾರಿಸ್ರಿ, 2018ರಲ್ಲಿ ದಾವಣಗೆರೆ ಜಿಲ್ಲೆ ಬಿಟ್ಟ ಮೇಲೆ ಆ ತಾಲೂಕಿಗೆ ಸಿಕ್ಕೈತೆ. ಕಾಲೇಜು ಬೆಂಗಳೂರಲ್ಲೇ ಇರ್ಬೇಕಂತಿಲ್ಲ. ಹುಬ್ಬಳ್ಳಿಯ ಕೆಎಲ್‌ಇ ಟೆಕ್, ತುಮಕೂರಿನ ಸಿದ್ಧಗಂಗಾ, ಎರಡೂ ನಮ್ಮ ಹೆದ್ದಾರಿ ಮೇಲೇ ಇವೆ, ಪಿಜಿ ಖರ್ಚೂ ಇಳಿಯುತ್ತೆ. ಯಾವುದೇ ಇರ್ಲಿ, ಆಪ್ಷನ್ ಹಾಕೋ ದಿನ ಕೌನ್ಸಿಲ್ ವೆಬ್‌ಸೈಟಿನ ಪಟ್ಟಿಯಲ್ಲಿ ಆ ಕಾಲೇಜಿಗೆ ಈ ವರ್ಷದ ಅನುಮೋದನೆ, ಸೀಟಿನ ಸಂಖ್ಯೆ ನೋಡಿ. ಅನುಮೋದನೆ ಇಲ್ಲದ ಪದವಿಗೆ ನೋಂದಣಿ ಸಿಗಲ್ಲ. ಇಂಟೀರಿಯರ್ ಡಿಸೈನ್ ಪದವಿಯನ್ನ "ಆರ್ಕಿಟೆಕ್ಚರ್ ಇದ್ದಂಗೇ" ಅಂತ ಮಾರೋರಿದಾರೆ, ಹುಷಾರು.

---

ಮಿನಿಡ್ರಾಫ್ಟರ್

ಫೀಸು ಕಟ್ಟೋ ಮುಂಚೆ ಒಂದು ಭಾನುವಾರ ಇದನ್ನ ಮಾಡಿಸ್ರಿ, ಖರ್ಚು ಒಂದು ಎ3 ಹಾಳೆ. ಅಳತೆ ಟೇಪ್ ಕೊಟ್ಟು ನಿಮ್ಮ ಮನೆಯನ್ನ ಅವಳೇ ಅಳೆದು 1:50ರಲ್ಲಿ ಬಿಡಿಸ್ಲಿ. 30x40 ಸೈಟ್ ಆ ಅಳತೆಗೆ ಸುಮಾರು 18 ಸೆಂ.ಮೀ. ಅಗಲ, 24 ಸೆಂ.ಮೀ. ಉದ್ದ ಬರುತ್ತೆ, ಹಾಳೆಯಲ್ಲಿ ಕೂರುತ್ತೆ. ಬಾಗಿಲು ಯಾವ ಕಡೆ ತೆರೆಯುತ್ತೆ, ಕಿಟಕಿ ನೆಲದಿಂದ ಎಷ್ಟು ಎತ್ತರ, ಮೆಟ್ಟಿಲಿನ ಏರು ಎಷ್ಟು, ಎಲ್ಲ ಬರೀಲಿ. ಮೊದಲ ಸಲ ಕೋಣೆಗಳ ಅಳತೆ ಕೂಡಿಸಿದ್ರೆ ಹೊರಗಿನ ಅಳತೆಗೆ ಹೊಂದೋದೇ ಇಲ್ಲ. 9 ಇಂಚಿನ ಗೋಡೆಗಳನ್ನ, ಗಿಲಾವನ್ನ ಬಿಟ್ಟಿರ್ತಾಳೆ. ಆಗ ಟೇಪ್ ಹಿಡಿದು ಇನ್ನೊಂದು ಸಲ ಅಳೆಯೋಕೆ ಏಳ್ತಾಳಾ, ಇಲ್ಲ ರಬ್ಬರ್ ತಗೊಂಡು ಅಂಕಿ ಹೊಂದಿಸ್ತಾಳಾ ಅಂತ ಸುಮ್ಮನೆ ಕೂತು ನೋಡ್ರಿ.